ಬಿಟ್ಟು ಹೋದ ಕೋಚ್ ಎದುರಾಳಿ ಬೆಂಚಲ್ಲಿ ಕೂತರೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಫುಟ್‌ಬಾಲ್ ಕ್ಲಬ್ಬು ಬೆಂಗಳೂರು ಎಫ್‌ಸಿಯ ಹಳಬರ ಬಗ್ಗೆಯೇ ಇವೆ. ಯಾರು ಎಲ್ಲಿ ಹೋದರು, ಯಾರು ವಾಪಸ್ ಬಂದರು, ಯಾರ ಮೇಲೆ ಸಿಟ್ಟು ಮಾಡ್ಕೋಬೇಕು. ಉಳಿದ ಪ್ರಶ್ನೆ ಕಳಿಸಿದವರು ಬೇಜಾರಾಗಬೇಡಿ, ಮುಂದಿನ ಸಲ ನೋಡೋಣ.

ಪ್ರಶ್ನೆ: ನಮ್ಮ ಹಳೇ ಕೋಚ್ ಆಶ್ಲಿ ವೆಸ್ಟ್‌ವುಡ್ ಭಾರತವನ್ನೇ ಸೋಲಿಸಿದಾಗ ನಮ್ಮ ವಾಟ್ಸಾಪ್ ಗುಂಪಲ್ಲಿ ಒಬ್ಬ ಚಪ್ಪಾಳೆ ಇಮೋಜಿ ಹಾಕಿದ. ಅವತ್ತಿಂದ ಅವನ ಜೊತೆ ಮಾತಿಲ್ಲ. ನಾವು ಮಾಡಿದ್ದು ಸರೀನಾ ಸರ್?
— ಹಲಸೂರು

ಯಾವ ಸಲ ಸೋಲಿಸಿದಾಗ ಅಂತ ನೀವು ಬರೆದಿಲ್ಲ. ಯಾಕಂದ್ರೆ ಆ ಮನುಷ್ಯ ಎರಡು ಸಲ ಸೋಲಿಸಿದ್ದಾರೆ, ಅದೂ ಎರಡು ಬೇರೆ ಬೇರೆ ದೇಶಗಳ ಕೋಚ್ ಆಗಿ. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಜೊತೆ ಬಂದು 2-1. ಅದು ಸುನಿಲ್ ಛೆಟ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ, ಛೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದು ಮುಂದಿದ್ದೆವು, ಆಮೇಲೆ ಎರಡು ಬಿಟ್ಟುಕೊಟ್ಟೆವು. 2025ರ ಜೂನ್‌ನಲ್ಲಿ ಹಾಂಕಾಂಗ್ ಕೋಚ್ ಆಗಿ ಮತ್ತೆ 1-0, ಇನ್ನೇನು ಸೀಟಿ ಊದಬೇಕು ಅನ್ನೋ ಹೊತ್ತಿಗೆ ಸಿಕ್ಕ ಪೆನಾಲ್ಟಿ. ನನಗೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಆದರೆ 2013ರಲ್ಲಿ ಕ್ಲಬ್ಬು ಹುಟ್ಟಿದಾಗ ಮೊದಲ ಕೋಚ್ ಆಗಿ ಬಂದವರೂ ಇವರೇ ಅಲ್ವಾ. ಮೊದಲನೇ ವರ್ಷವೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸಿದರು. ಮರು ವರ್ಷ ಫೆಡರೇಷನ್ ಕಪ್, 2016ರಲ್ಲಿ ಇನ್ನೊಂದು ಐ-ಲೀಗ್. ಆಗ ನಾಯಕ ಛೆಟ್ರಿ. ಅಂದರೆ ಛೆಟ್ರಿ ಎಲ್ಲಿ ಓಡ್ತಾರೆ, ಎಲ್ಲಿ ನಿಲ್ತಾರೆ ಅಂತ ಮೂರು ವರ್ಷ ಪಕ್ಕದಲ್ಲೇ ನಿಂತು ನೋಡಿದ ಮನುಷ್ಯ. ನಿಮ್ಮ ಗೆಳೆಯ ಚಪ್ಪಾಳೆ ಹೊಡೆದಿದ್ದು ಹಾಂಕಾಂಗಿಗಲ್ಲ, ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನ ಆ ದಿನಗಳಿಗೆ ಇರಬೇಕು. ಫೋನ್ ಮಾಡಿ, ಮಾತು ಶುರು ಮಾಡಿ. ಇಮೋಜಿ ಮಾತ್ರ ಒಂದು ದಿನ ಬಿಟ್ಟು ಹಾಕು ಅಂತ ಹೇಳಿ.

ಪ್ರಶ್ನೆ: ಬಾರ್ಸಿಲೋನಾಗೆ ಹೋದ ನಮ್ಮ ಕೋಚ್ ಆಲ್ಬರ್ಟ್ ರೋಕಾನಾ, ಕಾರ್ಲೆಸ್ ಕ್ವಾದ್ರಾತಾ? ಒಂದು ಪ್ಲೇಟ್ ಬಿರಿಯಾನಿಗೆ ಬೆಟ್ ಕಟ್ಟಿದ್ದೇವೆ.
— ಫ್ರೇಜರ್ ಟೌನ್

ರೋಕಾ. ಬಿರಿಯಾನಿ ಯಾರಿಗೆ ಅಂತ ನೀವೇ ನೋಡ್ಕೊಳ್ಳಿ. 2016ರಲ್ಲಿ ನಮ್ಮನ್ನ ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್ ಫೈನಲ್‌ಗೆ ಮುಟ್ಟಿಸಿದವರು ಅವರು, ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನ 3-1ರಲ್ಲಿ ಹೊಡೆದ ರಾತ್ರಿ ಅಲ್ಲಿದ್ದವರು ಇವತ್ತಿಗೂ ಬೇರೆ ಮಾತಾಡಲ್ಲ. ದೋಹಾದ ಫೈನಲ್‌ನಲ್ಲಿ ಇರಾಕಿನ ತಂಡದ ಎದುರು 1-0ರಲ್ಲಿ ಸೋತೆವು.

ಈಗ ಮಜಾ ಕೇಳಿ. ರೋಕಾ ಆಮೇಲೆ ಹೈದರಾಬಾದ್ ಎಫ್‌ಸಿ ಸೇರಿದರು, 2020ರಲ್ಲಿ ಬಾರ್ಸಿಲೋನಾ ಫಿಟ್‌ನೆಸ್ ಕೋಚ್ ಆಗಿ ಕರೆದಾಗ ಅದನ್ನ ಬಿಟ್ಟು ಹೊರಟರು. ಖಾಲಿಯಾದ ಆ ಕುರ್ಚಿಗೆ ಬಂದವರು ಮಾನೊಲೊ ಮಾರ್ಕೆಝ್. ಅವರು ಹೈದರಾಬಾದಿಗೆ ಕಪ್ ಗೆಲ್ಲಿಸಿ, ಗೋವಾಗೆ ಹೋಗಿ, ಕೊನೆಗೆ ಭಾರತದ ಕೋಚೇ ಆದರು. ಹಾಂಕಾಂಗಿನಲ್ಲಿ ವೆಸ್ಟ್‌ವುಡ್ ಎದುರು ನಮ್ಮ ಕಡೆ ನಿಂತಿದ್ದವರು ಇದೇ ಮಾನೊಲೊ! ನಮ್ಮ ಒಬ್ಬ ಹಳೇ ಕೋಚ್ ಖಾಲಿ ಮಾಡಿದ ಜಾಗದಿಂದ ಮೇಲೆ ಬಂದವರನ್ನ ನಮ್ಮ ಇನ್ನೊಬ್ಬ ಹಳೇ ಕೋಚ್ ಸೋಲಿಸಿದರು. ಇದನ್ನ ಹಲಸೂರಿನವರ ಗುಂಪಿಗೂ ಕಳಿಸಿ.

ಕ್ವಾದ್ರಾತ್ 2019ರಲ್ಲಿ ನಮಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಗೆಲ್ಲಿಸಿದವರು. ಆಮೇಲೆ ಈಸ್ಟ್ ಬೆಂಗಾಲ್‌ಗೆ ಹೋಗಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದರು. ಭುವನೇಶ್ವರದ ಆ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲು ಹೊಡೆದದ್ದು ಕ್ಲೀಟನ್ ಸಿಲ್ವಾ. ಅವರೂ ನಮ್ಮವರೇ, ಅಂದರೆ ನಮ್ಮವರಾಗಿದ್ದವರು.

ಪ್ರಶ್ನೆ: ಬಿಟ್ಟು ಹೋದವರ ಸುದ್ದಿ ಯಾಕ್ರೀ ನಿಮಗೆ, ಇರೋರ ಆಟ ನೋಡಿ ಅಂತಾಳೆ ನನ್ನ ಹೆಂಡತಿ. ಏನು ಹೇಳಲಿ?
— ದಾವಣಗೆರೆ

ಮದುವೆ ಮಾಡಿಕೊಟ್ಟ ಮಗಳ ಮನೆ ಸುದ್ದಿ ಕೇಳಲ್ವಾ ಅಂತ ಕೇಳಿ ನೋಡಿ. ಅಥವಾ ರಾಹುಲ್ ಭೇಕೆ ಕಥೆ ಹೇಳಿ. 2019ರ ಫೈನಲ್‌ನಲ್ಲಿ ಗೋವಾ ಎದುರು 117ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು ಕಪ್ ತಂದುಕೊಟ್ಟವರು. 2021ರಲ್ಲಿ ಮುಂಬೈ ಸಿಟಿಗೆ ಹೋದರು, 2024ರಲ್ಲಿ ಅಲ್ಲಿನ ನಾಯಕನಾಗಿ ಐಎಸ್‌ಎಲ್ ಕಪ್ ಎತ್ತಿದರು, ಅದೇ ವರ್ಷ ನಮ್ಮಲ್ಲಿಗೆ ವಾಪಸ್. ನಡುವಿನ ಮೂರು ವರ್ಷ ಸುದ್ದಿ ಇಟ್ಟುಕೊಂಡವರಿಗೆ ಅವರು ಬಂದ ದಿನ ಹೊಸಬರಂತೆ ಕಾಣಲೇ ಇಲ್ಲ.

ನಿಮ್ಮ ಹೆಂಡತಿ ಮಾತಲ್ಲೂ ಒಂದು ನ್ಯಾಯ ಇದೆ ಬಿಡಿ. ಈ ಗುಂಪುಗಳಲ್ಲಿ ಓಡಾಡೋ ಸುದ್ದಿ ಅರ್ಧ ಹಳಸಿದ್ದು. ಎರಡು ವರ್ಷದ ಹಿಂದಿನ ಫೋಟೊಗೆ "ಈಗಷ್ಟೇ ಬಂದ ಸುದ್ದಿ" ಅಂತ ಹಾಕಿ ಮಧ್ಯರಾತ್ರಿ ಕಳಿಸ್ತಾರೆ. ನಾನೂ ಒಂದು ಸಲ ಹಾಗೆ ನಂಬಿ ನಾಲ್ಕು ಜನಕ್ಕೆ ಕಳಿಸಿ ಬೈಸಿಕೊಂಡಿದ್ದೇನೆ. ಫೋಟೊದಲ್ಲಿ ಜರ್ಸಿ ಮೇಲಿರೋ ಸ್ಪಾನ್ಸರ್ ಹೆಸರು ನೋಡಿ, ಯಾವ ವರ್ಷದ್ದು ಅಂತ ಅಲ್ಲೇ ಗೊತ್ತಾಗತ್ತೆ.

ಪ್ರಶ್ನೆ: ನಮ್ಮ ತಾತ ಬರೀ ಅಹ್ಮದ್ ಖಾನ್ ಅಂತಾರೆ. ಯಾರದು?
— ಆಸ್ಟಿನ್ ಟೌನ್

ಅವರೂ ಬೆಂಗಳೂರಿನ ಹುಡುಗ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದವರು, ಆ ತಂಡದಲ್ಲಿ ಬರಿಗಾಲಲ್ಲಿ ಆಡಿದವರೇ ಜಾಸ್ತಿ. ಆಮೇಲೆ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್‌ನಲ್ಲಿ ಪಂಚಪಾಂಡವರು ಅಂತ ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ಊರು ಬಿಟ್ಟು ಹೋದವರ ಸುದ್ದಿ ಆಗ ಪತ್ರಿಕೆಯಲ್ಲಿ, ಕಾಗದದಲ್ಲಿ ಬರ್ತಿತ್ತು. ತಾತ ಹೇಳೋದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ, ತಮಾಷೆ ಅಲ್ಲ.

ಪ್ರಶ್ನೆ: ಛೆಟ್ರಿ ನಿವೃತ್ತಿ ಆದಮೇಲೆ ನಮ್ಮ ಕೋಚ್ ಆಗ್ತಾರಾ?
— ತುಮಕೂರು

ಮೊದಲು ನಿವೃತ್ತಿ ಆಗಲಿ ಬಿಡಿ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಭಾರತದ ಪರ ಕೊನೇ ಪಂದ್ಯ ಅಂತ ಆಡಿದರು. ಟಿವಿ ಮುಂದೆ ಕೂತು ನಾನು ಅತ್ತೆ. ಒಂಬತ್ತು ತಿಂಗಳಿಗೆ ಮತ್ತೆ ಅದೇ ಜರ್ಸಿ ಹಾಕಿಕೊಂಡು ಬಂದು ಮಾಲ್ಡೀವ್ಸ್ ಮೇಲೆ ಗೋಲು ಹೊಡೆದರು. ಇನ್ನೊಂದು ಸಲ ಸುಮ್ನೆ ಅಳೋದಕ್ಕೆ ನಾನಂತೂ ತಯಾರಿಲ್ಲ.