ಕಾಲೇಜು ಗ್ರಂಥಪಾಲಕರ ತರಬೇತಿಗೆ, ಸಮ್ಮೇಳನಕ್ಕೆ ಹಣದ ನೆರವು ಸಿಗುತ್ತದೆಯೇ?

ಯಾದಗಿರಿ ಜಿಲ್ಲೆಯ ಅನುದಾನಿತ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿ ಮೂರು ವರ್ಷವಾಯಿತು, ಹೊರಗೆ ಹೋಗಿ ಕಲಿಯುವ ಆಸೆಯಿದೆ, ನಮ್ಮಂಥ ಊರಿನವರಿಗೆ ವಿದ್ಯಾರ್ಥಿವೇತನ, ಪ್ರಶಸ್ತಿ ಯಾರು ಕೊಡುತ್ತಾರೆ ಎಂದು ಕೇಳಿದ್ದೀರಿ. ಕೊಡುವವರಿದ್ದಾರೆ. ನಾನು ಕಲಬುರಗಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅರ್ಜಿ ಹಾಕಿ ಸೋತಿದ್ದೂ ಇದೆ, ಗೆದ್ದಿದ್ದೂ ಇದೆ. ಸೋತದ್ದನ್ನೇ ಮೊದಲು ಹೇಳುತ್ತೇನೆ, ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಒಂದು ರಾಷ್ಟ್ರೀಯ ಸಮ್ಮೇಳನದ ಪ್ರಯಾಣ ನೆರವಿಗೆ ಮೊದಲ ಸಲ ಅರ್ಜಿ ಬರೆದಾಗ ಎರಡು ಪುಟದ ತುಂಬ ನಮ್ಮ ಕಷ್ಟವನ್ನೇ ತೋಡಿಕೊಂಡೆ. ಹಿಂದುಳಿದ ಭಾಗ, ಸಿಬ್ಬಂದಿ ಇಲ್ಲ, ಅನುದಾನ ಇಲ್ಲ, ಬೇಸಿಗೆಯಲ್ಲಿ ಕರೆಂಟೂ ಇರುವುದಿಲ್ಲ. ಎಲ್ಲ ನಿಜವೇ ಆಗಿತ್ತು. ಆದರೆ ಓದಿದವರಿಗೆ ನಾನೇನು ಕಲಿಯಬೇಕೆಂದಿದ್ದೇನೆ, ಬಂದು ಏನು ಮಾಡುತ್ತೇನೆ ಎನ್ನುವುದು ಅದರಲ್ಲಿ ಎಲ್ಲೂ ಸಿಕ್ಕಿರಲಿಕ್ಕಿಲ್ಲ. ಉತ್ತರವೇ ಬರಲಿಲ್ಲ.

ಆಮೇಲೆ ಒಂದು ದಿನ ಬಿ.ಎ. ಓದುವ ಹುಡುಗನೊಬ್ಬ ಕೌಂಟರಿಗೆ ಬಂದು, "ಸರ್, ಕಿತಾಬ್ ಕಪಾಟಿನ್ಯಾಗ ಅದಾ, ಕಂಪ್ಯೂಟರ್‌ದಾಗ ಯಾಕ ಇಲ್ರಿ?" ಎಂದು ಕೇಳಿದ. ಅವನು ಕೇಳಿದ್ದು ಉರ್ದು ಪುಸ್ತಕ. ನಮ್ಮಲ್ಲಿ ಉರ್ದು, ಮರಾಠಿ ಪುಸ್ತಕಗಳ ಹೆಸರನ್ನೆಲ್ಲ ಹಿಂದಿನಿಂದಲೂ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಒಂದೊಂದು ರೀತಿ ಟೈಪ್ ಮಾಡಿದ್ದರು. ಹುಡುಕಿದರೆ ಸಿಗುತ್ತಿರಲಿಲ್ಲ. ಒಂದು ತಿಂಗಳು ಕೌಂಟರಿನಲ್ಲಿ ನೋಟ್‌ಬುಕ್ ಇಟ್ಟು, ಪುಸ್ತಕ ಇದ್ದೂ ಬರಿಗೈಲಿ ಹೋದವರನ್ನು ಬರೆದಿಟ್ಟೆ. ನಲವತ್ತೊಂದು ಮಂದಿ. ಮುಂದಿನ ವರ್ಷದ ಅರ್ಜಿಯಲ್ಲಿ ಆ ನಲವತ್ತೊಂದನ್ನು ಮೊದಲ ಸಾಲಿನಲ್ಲೇ ಇಟ್ಟೆ. ಯೂನಿಕೋಡ್‌ನಲ್ಲಿ ಆಯಾ ಲಿಪಿಯಲ್ಲೇ ಕ್ಯಾಟಲಾಗ್ ಮಾಡುವುದನ್ನು ಕಲಿತು ಬರುತ್ತೇನೆ, ಆರು ತಿಂಗಳಲ್ಲಿ ಉರ್ದು ವಿಭಾಗ ಮುಗಿಸುತ್ತೇನೆ ಎಂದು ಬರೆದೆ. ಆ ಸಲ ನೋಂದಣಿ ಶುಲ್ಕ, ರೈಲು ಖರ್ಚು ಎರಡೂ ಸಿಕ್ಕವು. 1472ರಲ್ಲಿ ಬೀದರದಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದಲ್ಲಿ ಮೂರು ಸಾವಿರ ಪುಸ್ತಕಗಳಿದ್ದವೆಂದು ಹೇಳುತ್ತಾರೆ. ಹಲವು ಲಿಪಿಗಳ ಕಪಾಟು ನಮ್ಮ ಭಾಗಕ್ಕೆ ಹೊಸದಲ್ಲ. ನಮ್ಮ ಕೊರತೆಯೆಂದು ನಾನು ಬರೆಯುತ್ತಿದ್ದ ಜಾಗದಲ್ಲೇ ಬೇರೆಯವರ ಹತ್ತಿರ ಇಲ್ಲದ ವಿಷಯ ಇತ್ತು.

ಈಗ ಹಣದ ಮಾತಿಗೆ ಬರೋಣ. ಮೊದಲು ನಿಮ್ಮ ಕಾಲೇಜಿನಲ್ಲೇ ಕೇಳಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ಆರನೇ ಮಾನದಂಡದಲ್ಲಿ, ಸಮ್ಮೇಳನ, ಕಾರ್ಯಾಗಾರಗಳಿಗೆ ಮತ್ತು ವೃತ್ತಿ ಸಂಘಗಳ ಸದಸ್ಯತ್ವ ಶುಲ್ಕಕ್ಕೆ ಅಧ್ಯಾಪಕರಿಗೆ ಕಾಲೇಜು ಹಣ ಕೊಟ್ಟಿದೆಯೇ ಎಂದು ಕೇಳುವ ಅಂಶವೊಂದಿತ್ತು, 6.3.2 ಎಂದು ಅದರ ಸಂಖ್ಯೆ. ಕಾಲೇಜಿನೊಳಗೆ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ಸಂಯೋಜಕರಿಗೆ ಅದು ಬಾಯಿಪಾಠ. ಆ ಪಟ್ಟಿಯಲ್ಲಿ ಗ್ರಂಥಪಾಲಕರನ್ನೂ ಸೇರಿಸಿ ಎಂದು ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ "ನೋಡೋಣ ತಗೋರಿ" ಎಂದು ಮುಗಿಯುತ್ತದೆ.

ಎರಡನೆಯದು ನಿಮ್ಮ ಬಡ್ತಿಗೇ ಬೇಕಾದ ತರಬೇತಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಪ್ರಕಾರ ಕಾಲೇಜು ಗ್ರಂಥಪಾಲಕರು 10ನೇ ಶೈಕ್ಷಣಿಕ ಹಂತದಿಂದ (ಅಂದರೆ ವೇತನ ಶ್ರೇಣಿಯಿಂದ) 11ಕ್ಕೆ ಹೋಗಲು 21 ದಿನಗಳ ಓರಿಯೆಂಟೇಷನ್ ಕೋರ್ಸು ಮುಗಿಸಿರಬೇಕು; ಗ್ರಂಥಾಲಯ ಗಣಕೀಕರಣ, ಡಿಜಿಟಲೀಕರಣದಂಥ ವಿಷಯದಲ್ಲಿ ಕನಿಷ್ಠ 5 ದಿನಗಳ ತರಬೇತಿಯೂ ಆಗಿರಬೇಕು. ಪಿಎಚ್.ಡಿ. ಇದ್ದರೆ ನಾಲ್ಕು ವರ್ಷ, ಎಂ.ಫಿಲ್. ಇದ್ದರೆ ಐದು, ಎರಡೂ ಇಲ್ಲದಿದ್ದರೆ ಆರು ವರ್ಷ ಸೇವೆ. ನಿಮಗೆ ಈಗಾಗಲೇ ಮೂರು ವರ್ಷವಾಗಿದೆ, ತಡಮಾಡಬೇಡಿ. ನನ್ನ ಜೊತೆಗಾರರೊಬ್ಬರು ಆ ಐದು ದಿನದ ತರಬೇತಿಯೊಂದನ್ನೇ ಬಿಟ್ಟು ಎರಡು ವರ್ಷ ಬಡ್ತಿ ಕಳೆದುಕೊಂಡರು, ಇವತ್ತಿಗೂ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಇಂಥ ಕೋರ್ಸು ನಡೆಸುವ, ಹಿಂದೆ ಅಕಾಡೆಮಿಕ್ ಸ್ಟಾಫ್ ಕಾಲೇಜು ಎನ್ನುತ್ತಿದ್ದ ಕೇಂದ್ರಗಳು ಈಗ ಮಾಳವೀಯ ಮಿಷನ್ ಹೆಸರಿನಲ್ಲಿ ನಡೆಯುತ್ತಿವೆ, ಆನ್‌ಲೈನ್ ತರಗತಿಗಳೂ ಇವೆ. ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಗ್ರಂಥಾಲಯ ನಿರ್ವಹಣೆಯ ತನ್ನ ಸೋಲ್ ತಂತ್ರಾಂಶದ ಮೇಲೆ ತರಬೇತಿ ಕೊಡುತ್ತದೆ, ಕ್ಯಾಲಿಬರ್ ಎಂಬ ಸಮ್ಮೇಳನವನ್ನೂ ನಡೆಸುತ್ತದೆ. ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಅದರ ಎನ್-ಲಿಸ್ಟ್ ಯೋಜನೆಗೆ ನಿಮ್ಮ ಕಾಲೇಜು ಸದಸ್ಯನಾಗಿದ್ದರೆ ಆ ಕೇಂದ್ರದ ಸಂಪರ್ಕ ನಿಮಗೆ ಈಗಾಗಲೇ ಇರುತ್ತದೆ.

ಪ್ರಶಸ್ತಿಗಳ ವಿಷಯ ಬೇರೆ. 1933ರಲ್ಲಿ ಶುರುವಾದ ಭಾರತೀಯ ಗ್ರಂಥಾಲಯ ಸಂಘ, ವಿಶೇಷ ಗ್ರಂಥಾಲಯಗಳ ಸಂಘವಾದ 1955ರ ಐಎಎಸ್ಎಲ್ಐಸಿ, ಇವೆರಡಕ್ಕೂ ಸದಸ್ಯರಾಗಿ, ಪ್ರಬಂಧ ಕಳಿಸುತ್ತಾ ಬನ್ನಿ. ಹೆಸರು ಬರುವುದು ಆ ದಾರಿಯಲ್ಲಿ. ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವನ್ನು ಎಷ್ಟೋ ಜನ ನಮಗೂ ಸಿಗುತ್ತದೆಂದು ತಿಳಿಯುತ್ತಾರೆ, ಅದರ ಕೆಲಸ ಮುಖ್ಯವಾಗಿ ಸಾರ್ವಜನಿಕ ಗ್ರಂಥಾಲಯಗಳಿಗೆ. ಸಂಶೋಧನೆಯ ಕಡೆ ಮನಸ್ಸಿದ್ದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ (ಐಸಿಎಸ್ಎಸ್ಆರ್) ಜಾಹೀರಾತುಗಳ ಮೇಲೆ ಕಣ್ಣಿಡಿ.

ವಿದೇಶದ್ದು ಓದುವಾಗ ಅರ್ಹತೆಯ ಸಾಲನ್ನೇ ಮೊದಲು ಓದಿ. ಅಮೆರಿಕನ್ ಗ್ರಂಥಾಲಯ ಸಂಘದ ಸ್ಪೆಕ್ಟ್ರಮ್ ವಿದ್ಯಾರ್ಥಿವೇತನ 5,000 ಡಾಲರ್ ಎಂದು ಕಂಡು ನಾನೊಮ್ಮೆ ಒಂದು ವಾರ ಕೂತು ಕಾಗದಪತ್ರ ಹೊಂದಿಸಿದ್ದೆ. ಅದು ಅಮೆರಿಕ, ಕೆನಡಾಗಳ ನಾಗರಿಕರಿಗೆ ಮತ್ತು ಅಲ್ಲಿ ಕಾಯಂ ನೆಲೆಸಿದವರಿಗೆ ಮಾತ್ರ. ಅದೇ ಸಂಘದ ಕಾಲೇಜು ಗ್ರಂಥಪಾಲಕರ ವಿಭಾಗವಾದ ಎಸಿಆರ್‌ಎಲ್, ಎರಡು ವರ್ಷಕ್ಕೊಮ್ಮೆ ನಡೆಸುವ ತನ್ನ ಸಮ್ಮೇಳನಕ್ಕೆ ಬರಲು ವೃತ್ತಿಗೆ ಹೊಸಬರಾದವರಿಗೂ ನೆರವು ಇಡುತ್ತದೆ. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್ಎಲ್ಎ ಸಮ್ಮೇಳನದ ಪ್ರಕಟಣೆ ಹೊರಟಾಗಲೂ ನೆರವಿನ ಸಾಲು ಇದೆಯೇ ನೋಡಿ. ಪಾಸ್‌ಪೋರ್ಟ್, ಎನ್‌ಒಸಿ (ಕಾಲೇಜಿನ ನಿರಾಕ್ಷೇಪಣಾ ಪತ್ರ) ಎರಡನ್ನೂ ಮೊದಲೇ ಮಾಡಿಸಿಡಿ. ನೆರವು ಸಿಕ್ಕಮೇಲೆ ಎನ್‌ಒಸಿಗೆ ಓಡಾಡಲು ಶುರುಮಾಡಿದರೆ ಸಮ್ಮೇಳನ ಮುಗಿದೇ ಹೋಗಿರುತ್ತದೆ.

ಕಾಲೇಜಿನಲ್ಲಿ ಯಾರಾದರೂ "ಲೈಬ್ರರಿಯವರಿಗೆ ಯಾಕ್ರೀ ಇದೆಲ್ಲ" ಎಂದರೆ ಭಾರತದಲ್ಲಿ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ರಂಗನಾಥನ್ ಅವರ ವಿಷಯ ಹೇಳಿ. ಗಣಿತ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಈ ವಿದ್ಯೆ ಅವರಿಗೆ ಗೊತ್ತೇ ಇರಲಿಲ್ಲ. ಲಂಡನ್ನಿಗೆ ಹೋಗಿ ಕಲಿತು ಬಂದರು. ಗ್ರಂಥಾಲಯ ವಿಜ್ಞಾನದ ಅವರ ಐದು ಸೂತ್ರಗಳ ಪುಸ್ತಕ ಬಂದದ್ದು 1931ರಲ್ಲಿ. ಮುಂದೆ ತಮ್ಮ ಒಂದು ಲಕ್ಷ ರೂಪಾಯಿಯನ್ನು ಅದೇ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠ ಮಾಡಿಸಿದರು. ಕಲಿಯಲು ಕಳಿಸಿದ ಜಾಗಕ್ಕೇ ಹಣ ಮರಳಿಸಿದ ಮನುಷ್ಯ ಅವರು; ನನಗೆ ಅವರ ಸೂತ್ರಗಳಷ್ಟೇ ಇದೂ ದೊಡ್ಡದು.

ನಾಳೆಯಿಂದಲೇ ಕೌಂಟರಿನಲ್ಲೊಂದು ನೋಟ್‌ಬುಕ್ ಇಡಿ. ಒಂದು ತಿಂಗಳಲ್ಲಿ ನಿಮ್ಮ ಕಾಲೇಜಿನ ಮಕ್ಕಳು ಏನು ಕೇಳಿ ಬರಿಗೈಲಿ ಹೋದರು ಎಂದು ಎಣಿಸಿ, ಅರ್ಜಿಯನ್ನು ಅಲ್ಲಿಂದ ಶುರುಮಾಡಿ. ತರಬೇತಿಗೆ ಹೋಗುವ ಮುಂಚೆ ಓಓಡಿ (ಕರ್ತವ್ಯದ ಮೇಲೆ ಹೊರಗೆ ಹೋಗುವ) ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ.