ಬೋರ್ ಕೊರೆಸುವ ಮುಂಚೆ ಒಂದು ಡ್ರಮ್ ಇಟ್ಟು ನೋಡು

ತಮ್ಮಾ, ನಿನ್ನ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಜಗಳೂರು ತಾಲ್ಲೂಕು, ನಾಲ್ಕು ಎಕರೆ ಕೆಂಪು ನೆಲ. ಮೂರೂವರೆ ಎಕರೆಗೆ ಶೇಂಗಾ ಬಿತ್ತಿ 35 ದಿನ ಆಯ್ತು, ಅದರಲ್ಲಿ 22 ದಿನದಿಂದ ಒಂದು ಹನಿ ಮಳೆ ಇಲ್ಲ. ಉಳಿದ ಅರ್ಧ ಎಕರೆ ಅಡಿಕೆ. ಎರಡು ಹಸು. ಬೋರ್ ನೀರು ಅರ್ಧಕ್ಕೆ ಇಳಿದಿದೆ. ‘ಸಾಲ ಮಾಡಿ ಇನ್ನೊಂದು ಬೋರ್ ಕೊರೆಸಲಾ ಅಣ್ಣ?’ ಅಂತ ಕೇಳಿದ್ದೀಯ. ನಮ್ಮ ರೈತರ ಗುಂಪಿನಲ್ಲಿ ಆಗಲೇ ನಾಲ್ಕೈದು ಜನ ‘ಕೊರೆಸು’ ಅಂದಿದ್ದಾರೆ. ನಾನು ಬೇಡ ಅನ್ನುತ್ತೇನೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದು.

ನಮ್ಮದು ಚಳ್ಳಕೆರೆ ಕಡೆ. 2017ರ ಬೇಸಿಗೆಯಲ್ಲಿ ನಾನೂ ಸಾಲ ತಂದು ಎರಡು ಬೋರ್ ಕೊರೆಸಿದೆ. ಮೊದಲನೆಯದು 620 ಅಡಿವರೆಗೂ ಬರೀ ಧೂಳು. ಎರಡನೆಯದರಲ್ಲಿ 810 ಅಡಿಗೆ ಒಂದಿಂಚು ನೀರು ಬಂತು. ತೆಂಗಿನಕಾಯಿ ಒಡೆದೆವು. ಆದರೆ ಅದೇ ವಾರ ನಮ್ಮ ಹಳೇ ಬೋರ್ ನಿಂತುಹೋಯಿತು. ಹನ್ನೊಂದನೇ ದಿನಕ್ಕೆ ಹೊಸದೂ ಗಾಳಿ ಉಗುಳತೊಡಗಿತು. ಇದ್ದ ನೀರನ್ನೇ ಎರಡು ಕಡೆಯಿಂದ ಎಳೆದಿದ್ದೆವು, ಹೊಸ ನೀರೇನೂ ಸಿಕ್ಕಿರಲಿಲ್ಲ. ಆ ಸಾಲಕ್ಕೆ ನಮ್ಮ ಮನೆಯವಳ ಕೊರಳ ಸರ ಹೋಯಿತು, ಎರಡು ಎಮ್ಮೆ ಹೋದವು. ನಿನಗೆ ಹಾಗೆ ಆಗುವುದು ಬೇಡ.

ಮೊದಲು ಇರುವ ನೀರು ಎಷ್ಟು ಅಂತ ಅಳೆ. 200 ಲೀಟರ್ ಡ್ರಮ್ ಒಂದನ್ನು ಪೈಪಿನ ಬಾಯಿಗೆ ಇಡು. ಮೋಟರ್ ಹಾಕಿದ ಕೂಡಲೇ ಅಳೆಯಬೇಡ, ಎರಡು ಗಂಟೆ ಓಡಿದ ಮೇಲೆ ಎಷ್ಟು ನಿಮಿಷಕ್ಕೆ ತುಂಬುತ್ತದೆ ನೋಡು. ಅದೇ ನಿಜವಾದ ಲೆಕ್ಕ. ಹತ್ತು ನಿಮಿಷ ಹಿಡಿದರೆ ಗಂಟೆಗೆ 1,200 ಲೀಟರ್. ತ್ರೀ ಫೇಸ್ ಕರೆಂಟ್ ಏಳು ಗಂಟೆ ಸಿಕ್ಕರೆ ದಿನಕ್ಕೆ 8,400 ಲೀಟರ್.

ಈಗ ಖರ್ಚು ನೋಡು. ಅರ್ಧ ಎಕರೆಯಲ್ಲಿ 275 ಅಡಿಕೆ ಮರ ಇದ್ದಾವು. ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 16 ಲೀಟರ್ ಕೊಟ್ಟರೆ 4,400 ಲೀಟರ್ ಆಯಿತು. ಎರಡು ಹಸು ಕುಡಿಯಲು ನೂರು, ನೂರಿಪ್ಪತ್ತು ಲೀಟರ್. ಅಂದರೆ ಮರ ಉಳಿಯುತ್ತವೆ, ಹಸು ಉಳಿಯುತ್ತವೆ, ಮೇಲೆ ಸುಮಾರು 3,900 ಲೀಟರ್ ಮಿಗುತ್ತದೆ. ಕಾಲುವೆ ಮಾಡಿ ಹಾಯಿಸುವುದನ್ನು ಮಾತ್ರ ಇವತ್ತೇ ನಿಲ್ಲಿಸು. ಬುಡಕ್ಕೆ ಸೋಗೆ, ಹಾಳೆ, ತೆಂಗಿನ ಸಿಪ್ಪೆ, ಸಿಕ್ಕಿದ್ದೆಲ್ಲ ದಪ್ಪಕ್ಕೆ ಹೊದಿಸು.

ಮಿಕ್ಕ ನೀರಿನಲ್ಲಿ ಮೂರೂವರೆ ಎಕರೆ ಶೇಂಗಾ ಉಳಿಸಲು ಆಗಲ್ಲ. ಒಂದು ಎಕರೆ ಸ್ಪ್ರಿಂಕ್ಲರ್‌ನಲ್ಲಿ ಒಮ್ಮೆ ಚೆನ್ನಾಗಿ ತೋಯಿಸಲು ಲಕ್ಷ ಲೀಟರ್ ಬೇಕು. ಸಂಕಟ ಆಗುತ್ತದೆ, ಗೊತ್ತು. ಆದರೆ ಹತ್ತು ಗುಂಟೆ ಉಳಿಸಬಹುದು. ಬೋರ್ ಹತ್ತಿರದ, ಪೈರು ಚೆನ್ನಾಗಿರುವ ಹತ್ತು ಗುಂಟೆ ಆರಿಸಿಕೋ. 25,000 ಲೀಟರ್ ಸಾಕು, ಆರೇಳು ದಿನದ ಮಿಗತೆ ನೀರು. ಹೂವಿನಿಂದ ಕಾಯಿ ಕಟ್ಟುವ ಸೂಜಿ ಮಣ್ಣಿಗೆ ಇಳಿಯಲು ಶುರುವಾಗುವ ಈ ಹೊತ್ತಿನಲ್ಲೇ ಕೊಡು. ಅದು ಮುಂದಿನ ವರ್ಷದ ಬೀಜ. ಬರದ ಮಾರನೇ ವರ್ಷ ಬೀಜದ ಶೇಂಗಾಕ್ಕೆ ಎಷ್ಟು ಕೈ ಚಾಚಬೇಕು ಅಂತ ನಿಮ್ಮ ಅಪ್ಪನನ್ನು ಕೇಳು.

ಉಳಿದ ಹೊಲಕ್ಕೆ ಎಡೆ ಹೊಡೆ, ಅಂದರೆ ಸಾಲಿನ ನಡುವೆ ಕುಂಟೆ ಓಡಿಸು. ಮಳೆ ಇಲ್ಲ, ಕಳೆ ಇಲ್ಲ, ಸುಮ್ನೆ ಯಾಕೆ ಅಂತ ಬಿಡಬೇಡ. ನಾಳೆ ಬೆಳಿಗ್ಗೆ ಸಾಲಿನ ನಡುವೆ ಕೂತು ಬೆರಳಿಂದ ಕೆದಕಿ ನೋಡು. ಮೇಲೆ ಹಪ್ಪಳದ ಹಾಗೆ ಕಟ್ಟಿದ ಪದರ, ಅಲ್ಲಲ್ಲಿ ಕೂದಲೆಳೆ ಬಿರುಕು. ನಾಲ್ಕು ಬೆರಳು ಕೆಳಗೆ ಮಣ್ಣು ಇನ್ನೂ ತಣ್ಣಗಿದ್ದು ಉಂಡೆ ಕಟ್ಟಿದರೆ ಪೈರಿಗೆ ಜೀವ ಇದೆ. ಆ ತೇವ ಬಿರುಕಿನಿಂದಲೇ ಹಾರಿಹೋಗುತ್ತಿರುತ್ತದೆ. ಎಡೆಕುಂಟೆ ತೆಳ್ಳಗೆ ಓಡಿಸಿದರೆ ಪುಡಿ ಮಣ್ಣು ಬಿರುಕು ಮುಚ್ಚುತ್ತದೆ. ಎಂಟು ಹತ್ತು ಸಾಲಿಗೊಂದು ಆಳದ ಸಾಲನ್ನೂ ಇಳಿಜಾರಿಗೆ ಅಡ್ಡ ಬಿಡು, ಮಳೆ ಬಂದರೆ ಅಲ್ಲೇ ಇಂಗುತ್ತದೆ. ಇದೆಲ್ಲ ಈ ವಾರದೊಳಗೆ ಮುಗಿಯಬೇಕು. ಸೂಜಿ ಇಳಿದ ಮೇಲೆ ಕುಂಟೆ ಹಾಕಿದರೆ ಕಾಯಿಯೇ ಕಿತ್ತುಬರುತ್ತದೆ. ಜಿಪ್ಸಂ ತಂದಿಟ್ಟಿದ್ದರೆ ತೇವ ಬಂದ ಮೇಲೆ ಹಾಕು.

ಆಶ್ಲೇಷ, ಮಘೆ ಮಳೆ ಎರಡೂ ಕೈಕೊಟ್ಟರೆ ಪೈರು ಒಣಗಿದ ಕಡೆ ಹುರುಳಿಗೆ ತಯಾರಾಗು. ಹುಬ್ಬೆ ಮಳೆಗೆ ಬಿತ್ತಿದರೂ ಹುರುಳಿ ಬರುತ್ತದೆ, ಹೊಟ್ಟು ದನಕ್ಕೂ ಆಗುತ್ತದೆ. ಒಣಗಿದ ಶೇಂಗಾ ಬಳ್ಳಿಯನ್ನು ಸುಡಬೇಡ, ಉತ್ತು ಮುಚ್ಚಲೂ ಬೇಡ. ಅದಕ್ಕಿಂತ ಒಳ್ಳೇ ಒಣಮೇವು ಈ ಸೀಮೆಯಲ್ಲಿ ಇಲ್ಲ.

ಮೇವಿನ ವಿಷಯದಲ್ಲಿ ನಾವೆಲ್ಲ ತಡ ಮಾಡುತ್ತೇವೆ. ಒಂದು ಹಸುವಿಗೆ ದಿನಕ್ಕೆ 6 ಕೆ.ಜಿ. ಒಣಮೇವು ಅಂದರೂ ಎರಡಕ್ಕೆ ನಾಲ್ಕು ತಿಂಗಳಿಗೆ ಸುಮಾರು ಒಂದೂವರೆ ಟನ್. ಅಷ್ಟು ಬಣವೆಯಲ್ಲಿ ಇದೆಯಾ? ಇಲ್ಲದಿದ್ದರೆ ಮಲೇಬೆನ್ನೂರು, ಹರಿಹರದ ಕಡೆ ಪರಿಚಯದವರ ಹತ್ತಿರ ಈಗಲೇ ಮಾತಾಡಿಟ್ಟು, ಭತ್ತ ಕಟಾವಾಗುತ್ತಲೇ ಹುಲ್ಲು ತರಿಸಿಬಿಡು. ಹುಲ್ಲಿನಲ್ಲಿ ಕಸುವು ಕಮ್ಮಿ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರಕ್ಕೆ ಚಿಮುಕಿಸಿ ತುಳಿದು, ಗಾಳಿ ಆಡದ ಹಾಗೆ ಟಾರ್ಪಾಲ್ ಮುಚ್ಚಿ 21 ದಿನ ಬಿಡಬೇಕು. ತಿನ್ನಿಸುವ ಮುಂಚೆ ಒಂದು ಗಂಟೆ ಹರಡಿ ಘಾಟು ಹೋಗಲು ಬಿಡು. ಆರು ತಿಂಗಳೊಳಗಿನ ಕರುವಿಗೆ ಹಾಕಬೇಡ. ಯೂರಿಯಾ ಕಲಸಿದ ಬಕೆಟ್ ಹಸುವಿನ ಬಾಯಿಗೆ ಸಿಗುವ ಕಡೆ ಇಡಲೇಬೇಡ, ಕುಡಿದರೆ ಜೀವಕ್ಕೆ ಅಪಾಯ.

ಇನ್ನೊಂದು ಮಾತು, ಇದನ್ನು ಗುಂಪಿನವರೆಲ್ಲ ಓದಿ. ಮಳೆಯಿಲ್ಲದೆ ಕುಳ್ಳಗೆ ನಿಂತ ಎಳೇ ಜೋಳ ದನಕ್ಕೆ ವಿಷ. ಕಟಾವಾದ ಕೂಳೆಯಿಂದ ಮತ್ತೆ ಚಿಗುರಿದ್ದು ಇನ್ನೂ ಕೆಟ್ಟದ್ದು. ನಮ್ಮ ಪಕ್ಕದ ಹೊಲದವರ ಕಡಸು ಹಗ್ಗ ಬಿಚ್ಚಿಕೊಂಡು ಹೋಗಿ ನಾಲ್ಕು ಬಾಯಿ ತಿಂದಿತ್ತು. ಅರ್ಧ ಗಂಟೆಯಲ್ಲಿ ಏದುಸಿರು ಬಿಟ್ಟು, ಬಾಯಲ್ಲಿ ನೊರೆ ಬಂದು ಬಿತ್ತು. ಡಾಕ್ಟರ್ ಬರುವಷ್ಟರಲ್ಲಿ ಮುಗಿದಿತ್ತು. ಹೂವು ಬಿಟ್ಟ ಮೇಲೆ ಕೊಯ್ದು, ಚೆನ್ನಾಗಿ ಒಣಗಿಸಿಯೇ ಹಾಕಿ.

ಕಾಗದ ಪತ್ರದ ಕೆಲಸ ಇದೇ ವಾರ ಮಾಡು. ಫಸಲ್ ಬಿಮಾ, ಅಂದರೆ ಬೆಳೆ ವಿಮೆ, ಕಟ್ಟಿದ್ದರೆ ರಸೀದಿಯಲ್ಲಿ ಸರ್ವೆ ನಂಬರ್, ಬೆಳೆ ಹೆಸರು ಸರಿ ಇದೆಯಾ ನೋಡು. ಕಟ್ಟಿಲ್ಲದಿದ್ದರೆ ಕೊನೇ ದಿನ ದಾಟಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳು. ಮುಂಗಾರಿನ ಶೇಂಗಾಕ್ಕೆ ನಮ್ಮ ಪಾಲು ವಿಮೆ ಮೊತ್ತದ 2% ಮಾತ್ರ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಿನ್ನ ಹೊಲದ ಫೋಟೊ ನೀನೇ ಹಾಕು. ನಮ್ಮ ಚಿಕ್ಕಪ್ಪನ ಮಗನ ಹೊಲ ಒಂದು ವರ್ಷ ಸಮೀಕ್ಷೆಯಲ್ಲಿ ಬೀಳು ಅಂತ ದಾಖಲಾಗಿಬಿಟ್ಟಿತ್ತು. ವಿಮೆ ಕಟ್ಟಿದ್ದ ಬೆಳೆಯೇ ಒಂದು, ದಾಖಲೆಯೇ ಒಂದು. ದುಡ್ಡು ಬರಲಿಲ್ಲ.

ಬೋರ್‌ಗೆ ಅಂತ ಸಾಲ ಮಾಡಬೇಕೆಂದಿದ್ದೆಯಲ್ಲ, ಅದರ ಒಂದು ಪಾಲಿನಲ್ಲೇ ಇರುವ ಬೋರ್‌ಗೆ ಮಳೆ ನೀರು ಇಳಿಸುವ ಇಂಗುಗುಂಡಿ ಆಗುತ್ತದೆ. ಬೋರಿನ ಬಾಯಿಗೆ ಇಳಿಸಿದ ಕೇಸಿಂಗ್ ಪೈಪಿನ ಸುತ್ತ ಹತ್ತು ಅಡಿ ಉದ್ದ, ಅಗಲ, ಆಳದ ಗುಂಡಿ. ಗುಂಡಿಯೊಳಗಿನ ಕೇಸಿಂಗ್‌ಗೆ ಸಣ್ಣ ತೂತು ಹಾಕಿ ಜಾಲರಿ ಸುತ್ತಿ, ಕೆಳಗಿನಿಂದ ದಪ್ಪ ಕಲ್ಲು, ಜಲ್ಲಿ, ಮೇಲೆ ಮರಳು ತುಂಬುವುದು. ಕೊಚ್ಚೆ ನೀರು ನೇರ ನುಗ್ಗದ ಹಾಗೆ ಮುಂದೆ ಒಂದು ಹೂಳುಗುಂಡಿ ಇರಬೇಕು. ಇದಕ್ಕೆ ಬಲ್ಲವರನ್ನು ಕರೆಸಿ ಮಾಡಿಸು.

ಕೃಷಿ ಹೊಂಡಕ್ಕೂ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಅರ್ಜಿ ಹಾಕು. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್. ನಾಲ್ಕು ಎಕರೆಗೆ 40 ಮಿ.ಮೀ. ಸುರಿದ ದಿನ ಅದರ ಕಾಲು ಭಾಗ ಹರಿದರೂ 1,60,000 ಲೀಟರ್. ಹತ್ತು ಮೀಟರ್ ಉದ್ದಗಲ, ಮೂರು ಮೀಟರ್ ಆಳದ ಹೊಂಡ ಒಂದೇ ಮಳೆಗೆ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಾಗ ನಾವೆಲ್ಲ ನೋಡಲು ಹೋಗಿದ್ದೆವು. ಮಾರನೇ ವರ್ಷವೇ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಆ 2022ರ ಮಳೆಯಲ್ಲಿ ನನ್ನ ಹೊಲದಿಂದ ಹಳ್ಳಕ್ಕೆ ಓಡಿದ ನೀರು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊಂಡ ತೋಡಿಸಿದ್ದು ಅದಾದ ಮೇಲೆ.

ಬೆಳೆ ಬಗ್ಗೆ ಅನುಮಾನ ಇದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಎರಡು ಗಿಡ ಬೇರು ಸಮೇತ ಕಿತ್ತುಕೊಂಡು ಹೋಗು.

ನಾಳೆ ಡ್ರಮ್ ಎಷ್ಟು ನಿಮಿಷಕ್ಕೆ ತುಂಬಿತು ಅಂತ ಇಲ್ಲೇ ಹಾಕು, ಹದಿನೈದು ನಿಮಿಷ ಹಿಡಿದರೆ ಲೆಕ್ಕ ಬೇರೆ, ಕೂತು ಮತ್ತೆ ಮಾಡೋಣ. ಹುರುಳಿ ಬೀಜ ನನ್ನ ಹತ್ತಿರ ಇಪ್ಪತ್ತು ಕೆ.ಜಿ. ಇದೆ. ನಿನಗೆ ಬೇಕಾದರೆ ತೆಗೆದಿಡುತ್ತೇನೆ, ಬೆಳೆದ ಮೇಲೆ ವಾಪಸ್ ಕೊಡುವೆಯಂತೆ.