ಹಳೆಯ ಬಂಗಲೆಯ ಚಿಮಣಿಯೊಳಗೆ ಕೈಗೆಟುಕದ ಬಿರುಕನ್ನು ಮುಚ್ಚುವುದು ಹೇಗೆ?

ಮೂಡಿಗೆರೆ ಕಡೆಯ ನಿಮ್ಮ ತೋಟದ ಬಂಗಲೆಯಲ್ಲಿ, ಬೆಂಕಿಗೂಡಿನಿಂದ ಹತ್ತಡಿ ಮೇಲೆ, ಇಟ್ಟಿಗೆ ಸಂದಿನ ಗಾರೆ ಉದುರಿದೆ ಎಂದಿದ್ದೀರಿ. ದುರಸ್ತಿಯಾಗುವವರೆಗೆ ಬೆಂಕಿ ಹಾಕಬೇಡಿ. ಬಿರುಕಿನಿಂದ ವಿಷಾನಿಲ ಕೋಣೆಗಳಿಗೆ ನುಸುಳಬಹುದು, ಅಟ್ಟದ ಮರಕ್ಕೂ ಕಿಡಿ ತಗಲಬಹುದು. ಮಸಿಯನ್ನು ಪೂರ್ತಿ ಉಜ್ಜಿಸಿದ ಮೇಲೆ, ಟಾರ್ಚ್ ಹೊತ್ತಿಸಿ ವಿಡಿಯೊ ಚಾಲೂ ಮಾಡಿದ ಮೊಬೈಲನ್ನು ಹಗ್ಗಕ್ಕೆ ಬಿಗಿಯಾಗಿ ಕಟ್ಟಿ ಮೇಲಿನಿಂದ ಇಳಿಬಿಟ್ಟರೆ, ಹಾನಿ ಎಷ್ಟೆಂದು ತಿಳಿಯುತ್ತದೆ. ಸಾಮಾನ್ಯ ಸಿಮೆಂಟು ಕಾದು ತಣಿಯುತ್ತಾ ಸೀಳುವುದರಿಂದ ಶಾಖ ತಡೆಯುವ ರಿಫ್ರ್ಯಾಕ್ಟರಿ ಗಾರೆಯನ್ನೇ ಬಳಸಬೇಕು. ಕೊಳವೆಯ ಅಳತೆಗೆ ಕತ್ತರಿಸಿದ ಗಟ್ಟಿ ಸ್ಪಂಜಿನ ಮೇಲೆ ಈ ಗಾರೆಯನ್ನು ಸುರಿದು, ಅದನ್ನು ಕೆಳಗಿನಿಂದ ನಿಧಾನವಾಗಿ ಮೇಲಕ್ಕೆಳೆದರೆ ಗಾರೆ ಸಂದುಗಳಿಗೆ ಒತ್ತಿಕೊಳ್ಳುತ್ತದೆ. ಇದು ಅನುಭವಿಗಳ ಕೆಲಸ. ಇಟ್ಟಿಗೆಯೇ ಸಡಿಲವಾಗಿದ್ದರೆ ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇಳಿಸುವುದೇ ಮೇಲು. ಮಲೆನಾಡಿನ ಮಳೆ ನೆತ್ತಿಯಿಂದಲೇ ಇಳಿಯುವುದರಿಂದ, ಚಿಮಣಿಗೆ ಟೋಪಿ ಹಾಕಿಸದೆ ಬಿಡಬೇಡಿ.